ಕೋಲಾ ಕಾಯಿಗೆ ಇಂಗ್ಲಿಷ್ ಬರುವುದಿಲ್ಲ

(ಕಾಸರಗೋಡಿನಲ್ಲಿ ಗೆಳೆಯರು ಸೇರಿದ್ದ ಒಂದು ಭಾನುವಾರದ ಕೂಟದಲ್ಲಿ ಆಡಿದ ಮಾತು. ಹೆಚ್ಚುಕಡಿಮೆ ಆಡಿದ ಹಾಗೆಯೇ ಬರೆದುಕೊಟ್ಟಿದ್ದೇನೆ.)



"ಮಾಸ್ಟ್ರೇ, ಹೊರದೇಶದಲ್ಲಿ ಇರುವವರ ಸಂಘಗಳ ಬಗ್ಗೆ ಎಂತಾದರೂ ಹೇಳಿ" ಅಂತ ಫೋನ್ ಬಂದಾಗ ಅವರ ಮನಸ್ಸಿನಲ್ಲಿ ಇದ್ದದ್ದು ದುಬೈಯದ್ದೋ ಅಮೆರಿಕದ್ದೋ ಕನ್ನಡ ಸಂಘ ಇರಬೇಕು. ಅದನ್ನು ಹೇಳುವವರು ನನಗಿಂತ ಚೆನ್ನಾಗಿ ತಿಳಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಇಗ್ಬೊ ಜನರ ಸಂಘದ ವಿಷಯ ಹೇಳುತ್ತೇನೆ. ಇಗ್ಬೊ ಅಂದರೆ ನೈಜೀರಿಯದ ಆಗ್ನೇಯ ಭಾಗದ ಜನ. ಕೋಟಿಗಟ್ಟಲೆ ಇದ್ದಾರೆ. ನಮ್ಮಲ್ಲಿ ಓದುವ ಅಭ್ಯಾಸ ಇರುವವರಿಗೆ ಚಿನುವ ಅಚೀಬೆಯ ಹೆಸರು ಗೊತ್ತುಂಟು. ಆ ಅಚೀಬೆಯ ಜನ.

ನನಗೂ ಅವರಿಗೂ ಎಂತ ಸಂಬಂಧ ಅಂತ ಕೇಳಬಹುದು. ಸಂಬಂಧ ಹೊಟ್ಟೆಪಾಡಿನದ್ದು. ಎಪ್ಪತ್ತರ ದಶಕದಲ್ಲಿ ನೈಜೀರಿಯದಲ್ಲಿ ಎಣ್ಣೆಯ ದುಡ್ಡು ಹರಿಯುತ್ತಿತ್ತು, ಶಾಲೆಗಳಿಗೆ ಮಾಸ್ಟ್ರುಗಳು ಸಾಲುತ್ತಿರಲಿಲ್ಲ. ಕೇರಳದಿಂದ, ನಮ್ಮ ಕರಾವಳಿಯಿಂದ ಬಿ.ಎಡ್. ಆದವರು ಗುಂಪುಗುಂಪಾಗಿ ಹೋದರು. 1979ರಲ್ಲಿ ನಾನೂ ಹೋದೆ. ಗಣಿತ ಕಲಿಸಲು. ಓವೆರ್ರಿ ಪೇಟೆಯಿಂದ ಒಳಗೆ ಹೋದರೆ ಕೆಂಪು ಮಣ್ಣಿನ ರಸ್ತೆ, ಎರಡೂ ಕಡೆ ತಾಳೆಮರ, ಮಳೆ ಬಂದರೆ ನಮ್ಮ ಆಟಿ ತಿಂಗಳ ಹಾಗೆಯೇ. ಮೊದಲ ವಾರ ನನಗೆ ಮನೆಬಿಟ್ಟು ಬಂದೆ ಅಂತಲೇ ಅನಿಸಲಿಲ್ಲ.

ಶಾಲೆಯ ಗೋಡೆಯಲ್ಲಿ ಒಂದು ಕಲ್ಲು ಹಾಕಿದ್ದರು. ಇದನ್ನು ಕಟ್ಟಿಸಿದ್ದು ಈ ಊರಿನ ಯೂನಿಯನ್ ಅಂತ ಅದರ ಮೇಲೆ ಬರೆದಿತ್ತು. ನಾನು ಕೇರಳದಿಂದ ಹೋದವ ನೋಡಿ, ಯೂನಿಯನ್ ಅಂದರೆ ನನಗೆ ಗೊತ್ತಿದ್ದದ್ದು ಬೀಡಿ ಕಾರ್ಮಿಕರದ್ದು, ಲೋಡಿಂಗಿನವರದ್ದು. "ಇಲ್ಲಿ ಯಾವ ಫ್ಯಾಕ್ಟರಿ ಉಂಟು?" ಅಂತ ಹೆಡ್‌ಮಾಸ್ಟ್ರ ಹತ್ತಿರ ಕೇಳಿದೆ. ಅವರು ತುಂಬ ಹೊತ್ತು ನಕ್ಕರು. ಆಮೇಲೆ ಹೇಳಿದರು: ಫ್ಯಾಕ್ಟರಿ ಇಲ್ಲ, ಇದು ಊರು ಬಿಟ್ಟು ಹೋದವರ ಯೂನಿಯನ್.

ಇದರ ಹುಟ್ಟು ಸ್ವಲ್ಪ ಹೇಳಬೇಕು. ಬ್ರಿಟಿಷರು ಎನುಗು ಎಂಬಲ್ಲಿ ಕಲ್ಲಿದ್ದಲು ಕಂಡರು. 1916ರ ಹೊತ್ತಿಗೆ ಅಲ್ಲಿಂದ ಪೋರ್ಟ್ ಹಾರ್‌ಕೋರ್ಟ್ ಬಂದರಿಗೆ ರೈಲು ಹಾಕಿದರು, ಆಮೇಲೆ ಅದು ಉತ್ತರಕ್ಕೂ ಮುಂದುವರಿಯಿತು. ಇಗ್ಬೊ ನೆಲದಲ್ಲಿ ಜನ ಜಾಸ್ತಿ, ಭೂಮಿ ಕಮ್ಮಿ. ಮಿಷನ್ ಶಾಲೆಯಲ್ಲಿ ನಾಲ್ಕಕ್ಷರ ಕಲಿತ ಹುಡುಗರು ರೈಲು ಹತ್ತಿ ಲಾಗೋಸ್, ಕಾನೊ, ಜೋಸ್ ಅಂತ ಹೋದರು. ಗುಮಾಸ್ತರಾದರು, ರೈಲ್ವೆ ಸೇರಿದರು, ಅಂಗಡಿ ಇಟ್ಟರು. ಹೋದಲ್ಲಿ ಅವರು ಪರಕೀಯರು. ಕಾನೊ ಪಟ್ಟಣದಲ್ಲಿ ಹೊರಗಿನವರಿಗೆ ಬೇರೆಯೇ ಬಡಾವಣೆ, ಸಾಬೊನ್ ಗರಿ ಅಂತ ಹೆಸರು. ಅಲ್ಲಿ ಒಂದೇ ಊರಿನವರು ತಿಂಗಳಿಗೊಮ್ಮೆ ಭಾನುವಾರ ಮಧ್ಯಾಹ್ನ ಒಬ್ಬರ ಕೋಣೆಯಲ್ಲಿ ಸೇರತೊಡಗಿದರು. ವಂತಿಗೆ ಹಾಕಿದರು. ತಡವಾಗಿ ಬಂದವನಿಗೆ ದಂಡ, ಸಭೆಯಲ್ಲಿ ಅಡ್ಡ ಮಾತಾಡಿದವನಿಗೆ ದಂಡ. ಎಲ್ಲವೂ ನಡಾವಳಿ ಪುಸ್ತಕದಲ್ಲಿ. ಒಬ್ಬ ಕಾಯಿಲೆ ಬಿದ್ದರೆ ಆ ದುಡ್ಡು, ಸತ್ತರೆ ಹೆಣ ಊರಿಗೆ ಸಾಗಿಸಲು ಆ ದುಡ್ಡು. ಮಿಕ್ಕಿದ್ದು ಊರಿಗೆ. ಶಾಲೆ, ರಸ್ತೆ, ಹೆರಿಗೆ ಕೋಣೆ, ಒಬ್ಬ ಬುದ್ಧಿವಂತ ಹುಡುಗನನ್ನು ಓದಿಸುವುದು.

ಇಂಥ ಊರಸಂಘಗಳೆಲ್ಲ ಸೇರಿ 1948ರಲ್ಲಿ ಇಬೊ ಸ್ಟೇಟ್ ಯೂನಿಯನ್ ಅಂತ ದೊಡ್ಡದಾಯಿತು. ಮುಂದೆ ನೈಜೀರಿಯದ ಮೊದಲ ಅಧ್ಯಕ್ಷರಾದ ನ್ನಾಮ್ದಿ ಅಜಿಕಿವೆ ಅದರ ಅಧ್ಯಕ್ಷರಾಗಿದ್ದರು. ಅದು ದೊಡ್ಡವರ ಕತೆ, ಬಿಡಿ. ನನಗೆ ಆಶ್ಚರ್ಯ ಆದದ್ದು ಸಣ್ಣ ಸಂಘಗಳು. ನಾಲ್ಕು ಜನ ಸೇರಿದರೆ ಐದು ಸಂಘ ಕಟ್ಟಿ ಆರನೆಯದಕ್ಕೆ ಜಗಳ ಆಡುವ ಜಾತಿ ನಾವು. ಅವರೂ ಜಗಳ ಆಡುತ್ತಾರೆ, ಆದರೆ ವಂತಿಗೆ ಕೊಟ್ಟು ಆಡುತ್ತಾರೆ.

ಸಂಘ ಅಂದರೆ ಬರೀ ಪುಣ್ಯದ ಕೆಲಸ ಅಂತ ತಿಳಿಯಬೇಡಿ. ಅಚೀಬೆ 1960ರಲ್ಲಿ ಬರೆದ 'ನೋ ಲಾಂಗರ್ ಅಟ್ ಈಸ್' ಕಾದಂಬರಿಯಲ್ಲಿ ಲಾಗೋಸಿನ ಊರಸಂಘವೊಂದು ಓಬಿ ಎಂಬ ಹುಡುಗನನ್ನು ಇಂಗ್ಲೆಂಡಿಗೆ ಓದಲು ಕಳಿಸುತ್ತದೆ. 800 ಪೌಂಡು ಸಾಲ. ಅವನು ಕಾನೂನು ಓದಿ ಬಂದು ಊರಿನ ಭೂಮಿ ಕೇಸು ಗೆದ್ದುಕೊಡಲಿ ಅಂತ ಅವರ ಲೆಕ್ಕ. ಅವನು ಓದಿದ್ದು ಇಂಗ್ಲಿಷ್ ಸಾಹಿತ್ಯ! ಹೋಗಲಿ ಅಂದರೆ, ಅವನು ಮದುವೆಯಾಗಲು ಹೊರಟದ್ದು 'ಒಸು' ಮನೆತನದ ಹುಡುಗಿಯನ್ನು. ಒಸು ಅಂದರೆ ದೇವರಿಗೆ ಮೀಸಲಾದವರ ಸಂತತಿ ಅಂತ ದೂರ ಇಟ್ಟವರು. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1956ರಲ್ಲಿಯೇ ಅಲ್ಲಿ ಅದನ್ನು ಕಾನೂನಿನಿಂದ ರದ್ದು ಮಾಡಿದರು, ಮದುವೆ ಮಾತು ಬಂದಾಗ ಇನ್ನೂ ಉಂಟು. ಕಾದಂಬರಿಯಲ್ಲಿ ಸಂಘದ ಅಧ್ಯಕ್ಷರು ತುಂಬಿದ ಸಭೆಯಲ್ಲಿ ಆ ಹುಡುಗಿಯ ವಿಷಯ ಎತ್ತುತ್ತಾರೆ. ಹುಡುಗ ಸಿಟ್ಟಿನಿಂದ ಎದ್ದು ಹೋಗುತ್ತಾನೆ. ಕೊಟ್ಟ ಕೈ ಆಮೇಲೆ ಹೆಗಲ ಮೇಲೆಯೇ ಇರುತ್ತದೆ. ಇದನ್ನು ಅಚೀಬೆ ಅಷ್ಟು ಹಿಂದೆಯೇ ನೋಡಿದ್ದರು.

1966ರಲ್ಲಿ ಉತ್ತರ ನೈಜೀರಿಯದಲ್ಲಿ ಇಗ್ಬೊ ಜನರ ಮಾರಣಹೋಮ ಆಯಿತು. ರೈಲುಗಟ್ಟಲೆ ಜನ ಓಡಿ ಊರಿಗೆ ಬಂದರು. ಅದೇ ವರ್ಷ ಸೈನಿಕ ಸರಕಾರ ರಾಜಕೀಯ ಪಕ್ಷಗಳ ಜೊತೆಗೆ ಜನಾಂಗದ ಸಂಘಗಳನ್ನೂ ನಿಷೇಧಿಸಿತ್ತು. 1967ರ ಮೇಯಲ್ಲಿ ಬಯಾಫ್ರಾ ಎಂಬ ಬೇರೆ ದೇಶದ ಘೋಷಣೆ, ಜುಲೈಯಿಂದ ಯುದ್ಧ, 1970ರ ಜನವರಿಯಲ್ಲಿ ಸೋಲು. ಸತ್ತವರು ಹತ್ತು ಲಕ್ಷವೋ ಮೂವತ್ತು ಲಕ್ಷವೋ, ಲೆಕ್ಕ ಹಾಕುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೆಚ್ಚಿನವರು ಗುಂಡಿಗೆ ಅಲ್ಲ, ಹಸಿವೆಗೆ. ನಾನು ಹೋದದ್ದು ಯುದ್ಧ ಮುಗಿದು ಒಂಬತ್ತು ವರ್ಷಕ್ಕೆ. ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯ ಮಾಸ್ಟ್ರು ಒಂದು ಸಲ ಮಾತ್ರ ಬಾಯಿಬಿಟ್ಟರು. ಯುದ್ಧದ ನಂತರ ಬಯಾಫ್ರಾದ ನೋಟನ್ನು ಬ್ಯಾಂಕಿಗೆ ಎಷ್ಟೇ ಕಟ್ಟಿದರೂ ವಾಪಸ್ಸು ಸಿಕ್ಕಿದ್ದು ತಲೆಗೆ 20 ಪೌಂಡು. ಪೋರ್ಟ್ ಹಾರ್‌ಕೋರ್ಟಿನಲ್ಲಿ ಅವರ ಅಣ್ಣನಿಗೆ ಮನೆ ಇತ್ತು. ಓಡಿಹೋದವರ ಮನೆಗಳಿಗೆ 'ವಾರಸುದಾರರಿಲ್ಲದ ಆಸ್ತಿ' ಅಂತ ಹೆಸರು ಇಟ್ಟುಬಿಟ್ಟರು. ಅಣ್ಣ ಬದುಕಿದ್ದಾನೆ, ಮನೆಗೆ ವಾರಸುದಾರ ಇಲ್ಲ!

ಅವರ ಬಾಯಲ್ಲಿ ಸದಾ ಇರುವ ಒಂದು ಮಾತು ನನಗೆ ಅರ್ಥ ಆದದ್ದು ಆವತ್ತು. 'ಅಕು ರುವೊ ಉಲೊ'. ಸಂಪತ್ತು ಮನೆ ಮುಟ್ಟಲಿ ಅಂತ. ಲಾಗೋಸಿನಲ್ಲಿ ನಾಲ್ಕು ಮಾಳಿಗೆ ಇದ್ದು ಹುಟ್ಟೂರಲ್ಲಿ ಒಂದು ಸೂರು ಇಲ್ಲದವನನ್ನು ಅಲ್ಲಿ ಗಂಡಸರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊರಗಡೆ ಕಟ್ಟಿದ್ದು ಯಾವಾಗ ಬೇಕಾದರೂ ಹೋಗಬಹುದು, ಹೋಗಿ ನೋಡಿದ್ದಾರೆ. ಸರಕಾರದ ಮೇಲೆ ಭರವಸೆ ಇಲ್ಲ. ಭರವಸೆ ಇದ್ದದ್ದು ಉಮುನ್ನದ ಮೇಲೆ, ಅಂದರೆ ಒಂದೇ ಮೂಲಪುರುಷನ ಕುಟುಂಬದವರ ಮೇಲೆ, ನಮ್ಮ ತರವಾಡಿನ ಹಾಗೆ, ಮತ್ತು ಸಂಘದ ಲೆಕ್ಕಪುಸ್ತಕದ ಮೇಲೆ. ಯುದ್ಧ ಮುಗಿದ ಮೇಲೆ ಬಿದ್ದ ಶಾಲೆಗಳಿಗೆ ಮಾಡು ಹಾಕಿದವರಲ್ಲಿ ಊರಸಂಘಗಳೇ ಮುಂದೆ. ಓವೆರ್ರಿಯ ವಿಮಾನ ನಿಲ್ದಾಣಕ್ಕೂ ಜನರಿಂದ ಚಂದಾ ಎತ್ತಿದರು. ಅದು 1994ರಲ್ಲಿ ತೆರೆಯಿತು, ನಾನು ಅದರಲ್ಲಿ ಇಳಿದವ ಅಲ್ಲ.

ಎಣ್ಣೆಯ ಬೆಲೆ ಇಳಿಯಿತು, ಮನೆಗೆ ಹಣ ಕಳಿಸುವುದು ಕಷ್ಟವಾಯಿತು, 1985ರಲ್ಲಿ ನಾನು ಹಿಂದೆ ಬಂದೆ. ಮತ್ತೆ ಮೂವತ್ತು ವರ್ಷ ಆ ಕಡೆಯ ಸುದ್ದಿ ಇಲ್ಲ.

2017ರಲ್ಲಿ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅಲ್ಲಿ ಇದ್ದಾಗ ಫೇಸ್‌ಬುಕ್ಕಿನಲ್ಲಿ ಒಬ್ಬ ಹುಡುಕಿಕೊಂಡು ಬಂದ. ಹುಡುಕಿಕೊಂಡು ಬಂದವ ನನ್ನ ಹಳೆಯ ವಿದ್ಯಾರ್ಥಿ, ಈಗ ಲಂಡನ್ನಿನ ದಕ್ಷಿಣ ಭಾಗದಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ, ತಲೆ ನನಗಿಂತ ಬೆಳ್ಳಗೆ ಆಗಿದೆ. "ಸರ್, ನಮ್ಮ ಸಂಘದ ಹೊಸ ಗೆಡ್ಡೆಯ ಹಬ್ಬ ಉಂಟು, ನೀವು ಬರಲೇಬೇಕು" ಅಂದ. ಹೊಸ ಅಕ್ಕಿ ಊಟ ಮಾಡದೆ ಹೊಸ ಅಕ್ಕಿ ತಿನ್ನದ ಹಾಗೆ, ಅವರಲ್ಲಿ ಯಾಮ್ ಗೆಡ್ಡೆಯನ್ನು ಪೂಜೆ ಮಾಡಿ ಹಿರಿಯ ಕತ್ತರಿಸಿದ ಮೇಲೆಯೇ ಮಿಕ್ಕವರು ತಿನ್ನಬೇಕು. ಆಗಸ್ಟ್ ಹೊತ್ತಿಗೆ ಬರುವ ಹಬ್ಬ. ಲಂಡನ್ನಿನಲ್ಲಿ ಗೆಡ್ಡೆ ಬೆಳೆಯುವುದಿಲ್ಲ, ಅಂಗಡಿಯಿಂದ ತರುತ್ತಾರೆ. ಹಬ್ಬ ಮಾತ್ರ ಬಿಡುವುದಿಲ್ಲ.

ಕಾಗದದಲ್ಲಿ ಎರಡು ಗಂಟೆ ಅಂತ ಇತ್ತು, ಸುರುವಾದದ್ದು ಐದಕ್ಕೆ. ನನಗೆ ಬಹಳ ಹಿತವಾಯಿತು, ಮಗಳ ಮನೆಯಲ್ಲಿ ಎಲ್ಲವೂ ಗಂಟೆ ನೋಡಿ ನಡೆಯುತ್ತದೆ. ಒಬ್ಬರು ಎದ್ದು "ಇಗ್ಬೊ ಕ್ವೆನು!" ಅಂತ ಕೂಗಿದರೆ ಇಡೀ ಹಾಲು "ಯಾ!" ಅನ್ನುತ್ತದೆ. ಕೆಂಪು ಟೊಪ್ಪಿಯ ಹಿರಿಯರು ಮುಂದಿನ ಸಾಲು, ಹೆಂಗಸರೆಲ್ಲ ಒಂದೇ ಬಣ್ಣದ ಬಟ್ಟೆ, ಹಿಂದಿನ ಬೆಂಚುಗಳಲ್ಲಿ ಮಕ್ಕಳು, ಎಲ್ಲರ ತಲೆ ಮೊಬೈಲಿನೊಳಗೆ.

ಮೊದಲು ಕೋಲಾ ಕಾಯಿ. ಅವರ ಭಾಷೆಯಲ್ಲಿ ಓಜಿ. ನಮ್ಮಲ್ಲಿ ಮನೆಗೆ ಬಂದವರಿಗೆ ಎಲೆ ಅಡಿಕೆ ಇಟ್ಟ ಹಾಗೆ. ಅದಕ್ಕಿಂತ ಒಂದು ತೂಕ ಜಾಸ್ತಿಯೇ. ಓಜಿ ತಂದವನು ಜೀವ ತಂದ ಅಂತ ಗಾದೆ ಉಂಟು. ತಟ್ಟೆ ಬಂದವರಿಗೆಲ್ಲ ತೋರಿಸಿ, ಸುತ್ತಿ, ತಂದವನ ಕೈಗೇ ತಿರುಗಿ ಬರಬೇಕು. ಆಮೇಲೆ ಹಿರಿಯರು ದೇವರನ್ನೂ ಸತ್ತ ಹಿರಿಯರನ್ನೂ ಕರೆದು ಪ್ರಾರ್ಥನೆ ಹೇಳುತ್ತಾರೆ. ಒಡೆದಾಗ ನಾಲ್ಕು ಎಸಳು ಬಂದರೆ ಶುಭ. ಅವರ ವಾರಕ್ಕೆ ನಾಲ್ಕೇ ದಿನ, ಎಕೆ, ಒರಿಯೆ, ಅಫೊ, ನ್ಕ್ವೊ, ನಾಲ್ಕು ಸಂತೆಗಳ ಹೆಸರು.

ಆ ದಿನ ಹಿರಿಯರಿಗೆ ಒಂದು ಉಮೇದು ಬಂತು. ಇಲ್ಲಿಯೇ ಹುಟ್ಟಿದ ಹುಡುಗ ಒಬ್ಬ ನಾಲ್ಕು ಮಾತು ಹೇಳಿ ಓಜಿ ಒಡೆಯಲಿ ಅಂತ. ನನ್ನ ವಿದ್ಯಾರ್ಥಿಯ ಮಗನನ್ನು ಕರೆದರು. ಹದಿನೈದು ವರ್ಷದ ಹುಡುಗ. ತಟ್ಟೆ ಹಿಡಿದುಕೊಂಡು ಬಂದು ನಿಂತ, ಇಂಗ್ಲಿಷಿನಲ್ಲಿ ಸುರು ಮಾಡಿದ. ಒಳ್ಳೆಯ ಮಾತೇ, ಹಿರಿಯರಿಗೆ ವಂದನೆ ಅಂತ ಏನೋ. ಎರಡನೇ ವಾಕ್ಯಕ್ಕೆ ಹಿರಿಯರು ಕೈ ಎತ್ತಿದರು. "ಓಜಿಗೆ ಇಂಗ್ಲಿಷ್ ಕೇಳಿಸುವುದಿಲ್ಲ ಮಗ" ಅಂದರು. ಅದು ಅವರ ಹಳೆಯ ಮಾತು, ಎಲ್ಲರಿಗೂ ಗೊತ್ತಿದ್ದದ್ದೇ. ಹಾಲಿಗೆ ಹಾಲೇ ನಕ್ಕಿತು. ಕೆಟ್ಟ ನಗು ಅಲ್ಲ. ಆದರೆ ಹುಡುಗ ತಟ್ಟೆಯನ್ನು ಮೇಜಿನ ಮೇಲೆ ಇಟ್ಟು ಬಾಗಿಲು ತೆಗೆದು ಹೊರಗೆ ಹೋದ. ಕಾರ್ಯಕ್ರಮ ಮುಂದೆ ಹೋಯಿತು. ಬೇರೆಯವರು ಒಡೆದರು.

ನನಗೆ ಎಪ್ಪತ್ತರ ಹತ್ತಿರದ ಪ್ರಾಯ, ಒಂದೆರಡು ಗಂಟೆಗೊಮ್ಮೆ ಹೊರಗೆ ಹೋಗಲೇಬೇಕು. ಹೋದಾಗ ಹುಡುಗ ಕಾರು ನಿಲ್ಲಿಸುವ ಜಾಗದಲ್ಲಿ ಕೂತಿದ್ದ, ಕಣ್ಣು ಕೆಂಪಾಗಿತ್ತು. ಎಂತ ಹೇಳುವುದು ಗೊತ್ತಾಗದೆ ಪಕ್ಕದಲ್ಲಿ ಕೂತೆ. ಅವನೇ ಹೇಳಿದ: "ನನಗೆ ಬರುವುದಿಲ್ಲ ಅಂತ ಎಲ್ಲರೂ ನಗುತ್ತಾರೆ. ನನ್ನ ಹತ್ತಿರ ಯಾರು ಮಾತಾಡಿದ್ದಾರೆ? ಅಪ್ಪ ಅಮ್ಮ ಇಗ್ಬೊ ಮಾತಾಡುವುದು ನನಗೆ ಗೊತ್ತಾಗಬಾರದ ವಿಷಯ ಇದ್ದಾಗ ಮಾತ್ರ."

ವಾಪಸ್ಸು ಬರುವಾಗ ಕಾರಿನಲ್ಲಿ ನನ್ನ ಮೊಮ್ಮಗನೂ ಇದ್ದ. "ಅಜ್ಜ, ಆ ಅಣ್ಣ ಯಾಕೆ ಅಳುತ್ತಿದ್ದ?" ಅಂತ ಕೇಳಿದ. ಕೇಳಿದ್ದು ಇಂಗ್ಲಿಷಿನಲ್ಲಿ.

ಇನ್ನು ಹೇಳಬೇಕಾದ ಒಂದು ವಿಷಯ ಉಂಟು, ಇದುವರೆಗೆ ಎಲ್ಲಿಯೂ ಹೇಳಿದ್ದಿಲ್ಲ. ಮಾರನೇ ದಿನ ವಿದ್ಯಾರ್ಥಿಯ ಮನೆಗೆ ಊಟಕ್ಕೆ ಹೋಗಿದ್ದೆ. ಮಗನ ವಿಷಯ ಎತ್ತಿದೆ. ಇವನು ಸಂಘಕ್ಕೆ ಇಪ್ಪತ್ತು ವರ್ಷದಿಂದ ದುಡಿದವ, ಊರಿಗೆ ಬೋರ್‌ವೆಲ್ ಹಾಕಿಸಿದವ, ಮಗನಿಗೆ ಒಂದು ಪ್ರಾರ್ಥನೆ ಕಲಿಸಲು ಆಗಲಿಲ್ಲವಾ ಅಂತ, ಹಳೆಯ ಮಾಸ್ಟ್ರ ಸ್ವರದಲ್ಲಿ ಕೇಳಿಬಿಟ್ಟೆ. ಅವನು ನಕ್ಕ. "ಸರ್, ನಿಮಗೆ ನೆನಪಿಲ್ಲ. ಇಗ್ಬೊ ಮಾತಾಡಿದೆ ಅಂತ ನೀವು ನನ್ನ ಹತ್ತಿರ ಹತ್ತು ಕೋಬೊ ದಂಡ ತಗೊಂಡಿದ್ದೀರಿ. ಎರಡು ಸಲ."

ನೆನಪು ಬಂತು. ಶಾಲೆಯ ನಿಯಮ ಅದು. ಕ್ಲಾಸಿನ ಬೋರ್ಡಿನ ಮೂಲೆಯಲ್ಲಿ ಲೀಡರ್ ಎರಡು ಪಟ್ಟಿ ಬರೆಯುತ್ತಿದ್ದ, ಗಲಾಟೆ ಮಾಡಿದವರು ಮತ್ತು 'ವರ್ನಾಕ್ಯುಲರ್' ಮಾತಾಡಿದವರು. ಅಲ್ಲಿನ ಎಷ್ಟೋ ಶಾಲೆಗಳಲ್ಲಿ ಹೀಗೇ ಇತ್ತು, ಮಕ್ಕಳು ಇಂಗ್ಲಿಷ್ ಕಲಿತು ಉದ್ಧಾರ ಆಗಲಿ ಅಂತ ಊರಿನವರೇ ಇಟ್ಟುಕೊಂಡದ್ದು. ನಾನು ಹೊಸಬ, ಇದ್ದ ನಿಯಮ ಪಾಲಿಸಿದೆ ಅಂತ ಹೇಳಿ ಜಾರಿಕೊಳ್ಳಬಹುದು. ಆದರೆ ಹೋಗುವ ಮೊದಲು ಇದೇ ಕಾಸರಗೋಡಿನಲ್ಲಿ ಕನ್ನಡ ಶಾಲೆಗೆ ಕನ್ನಡ ಬರುವ ಮಾಸ್ಟ್ರನ್ನೇ ಕೊಡಿ ಅಂತ ಅರ್ಜಿಗೆ ಸಹಿ ಹಾಕಿ ಹೋದವ ನಾನು. ಅಲ್ಲಿ ಹೋಗಿ ಇನ್ನೊಬ್ಬರ ಮಕ್ಕಳಿಂದ ಅವರ ಭಾಷೆ ಆಡಿದ್ದಕ್ಕೆ ಚಿಲ್ಲರೆ ಎಣಿಸಿ ತಗೊಂಡೆ. ಡಬ್ಬಿಯಲ್ಲಿ ಹಾಕಿ ಸೀಮೆಸುಣ್ಣ ತರಿಸಿದೆವು. ಆವಾಗ ಮನಸ್ಸಿಗೆ ಚುಚ್ಚಲೂ ಇಲ್ಲ, ಮಾರಾಯ್ರೇ.

ಅವನು ಸಿಟ್ಟು ಮಾಡಲಿಲ್ಲ. ಸಮಾಧಾನವಾಗಿಯೇ ಹೇಳಿದ. ಇಂಗ್ಲಿಷ್ ಬಂದವನು ಗೆದ್ದ ಅಂತ ಕಲಿತು ಬೆಳೆದವರು ತಾವು. ಮಗು ಹುಟ್ಟಿದಾಗ, ಮನೆಯಲ್ಲಿ ಇಂಗ್ಲಿಷೇ ಆಡಿ, ಇಲ್ಲದಿದ್ದರೆ ಮಗು ಹಿಂದೆ ಬೀಳುತ್ತದೆ ಅಂತ ನರ್ಸರಿಯವರು ಹೇಳಿದರು, ನಂಬಿದೆವು. ಅವರಿಗಿಂತ ಹಿಂದೆ, ಅರುವತ್ತು ಎಪ್ಪತ್ತರ ದಶಕಗಳಲ್ಲಿ ಓದಲು ಬಂದ ನೈಜೀರಿಯದವರ ಕತೆ ಇನ್ನೂ ಕಷ್ಟದ್ದು. ಹಗಲು ಓದು, ರಾತ್ರಿ ಕೆಲಸ. ಕೂಸನ್ನು ನೋಡಲು ಜನ ಇಲ್ಲ. ಪತ್ರಿಕೆಯಲ್ಲಿ ಜಾಹೀರಾತು ಹಾಕಿ ಹಳ್ಳಿಯ ಬಿಳಿಯರ ಮನೆಯಲ್ಲಿ ದುಡ್ಡು ಕೊಟ್ಟು ಮಕ್ಕಳನ್ನು ಬಿಡುತ್ತಿದ್ದರು. ಸಾವಿರಾರು ಮಕ್ಕಳು ಹಾಗೆ ಬೆಳೆದರು. ಕೆಲವರು ಅಪ್ಪ ಅಮ್ಮ ಕರೆಯಲು ಬಂದಾಗ ಗುರುತು ಹಿಡಿಯಲಿಲ್ಲ.

ಆವತ್ತು ಅವನು ಸಂಘದ ಲೆಕ್ಕಪುಸ್ತಕ ತೋರಿಸಿದ, ಅವನೇ ಖಜಾಂಚಿ. ನಾನು ಗಣಿತದವ, ಪುಸ್ತಕ ಕಂಡರೆ ಬಿಡುವುದಿಲ್ಲ. ಪುಟಪುಟವೂ ಸಾವಿನದ್ದು. ಸದಸ್ಯನ ತಂದೆ ತೀರಿದ್ದಕ್ಕೆ ಇಷ್ಟು, ಸದಸ್ಯನೇ ತೀರಿ ಹೆಣ ವಿಮಾನದಲ್ಲಿ ಕಳಿಸಿದ್ದಕ್ಕೆ ಇಷ್ಟು, ತಲಾ ವಂತಿಗೆ ಬಾಕಿ ಇದ್ದವರ ಪಟ್ಟಿ. ಊರಿನ ಆರೋಗ್ಯ ಶಿಬಿರ, ಊರಿನ ಚರ್ಚಿನ ಮಾಡು, ಊರಿನ ಟ್ರಾನ್ಸ್‌ಫಾರ್ಮರ್. ಮಕ್ಕಳು ಅಂತ ನೋಡಿದರೆ ವರ್ಷಕ್ಕೊಂದು ಸಾಲು, ಕ್ರಿಸ್‌ಮಸ್ ಉಡುಗೊರೆ. ತಪ್ಪು ಅಂತ ನಾನು ಹೇಳುವುದಿಲ್ಲ. ಆ ಸಂಘ ಹುಟ್ಟಿದ್ದೇ ಒಂದು ದಿನ ಹಿಂದೆ ಹೋಗುವವರಿಗಾಗಿ. ಬದುಕಿ ಹೋಗಲಾಗದಿದ್ದರೆ ಸತ್ತಾದರೂ ಹೋಗುವವರಿಗಾಗಿ. ಸಂಪತ್ತು ಮನೆ ಮುಟ್ಟಲಿ ಅಂದಾಗ ಮನೆ ಯಾವುದು ಅಂತ ಯಾರಿಗೂ ಅನುಮಾನ ಇರಲಿಲ್ಲ. ಹಿಂದಿನ ಬೆಂಚಿನ ಮಕ್ಕಳಿಗೆ ಮನೆ ಅಂದರೆ ಪೆಕಮ್, ಹ್ಯೂಸ್ಟನ್, ಟೊರಾಂಟೊ. ಅವರನ್ನು ಯಾವ ಪುಟದಲ್ಲಿ ಬರೆಯುವುದು ಅಂತ ಪುಸ್ತಕಕ್ಕೆ ಗೊತ್ತಿಲ್ಲ.

ಇದನ್ನು ಮೊದಲು ಎತ್ತಿದ್ದು ಅಲ್ಲಿನ ಹೆಂಗಸರು, ಆ ಹುಡುಗನ ತಾಯಿ ಸೇರಿ. ಇಗ್ಬೊ ಹೆಂಗಸರನ್ನು ಹಗುರ ಮಾಡಬಾರದು. 1929ರಲ್ಲಿ ತಮ್ಮ ಮೇಲೆ ತೆರಿಗೆ ಬರುತ್ತದೆ ಅಂತ ತಿಳಿದು ಸಾವಿರಗಟ್ಟಲೆ ಹೆಂಗಸರು ಬ್ರಿಟಿಷರ ವಿರುದ್ಧ ಎದ್ದರು, 50ಕ್ಕೂ ಹೆಚ್ಚು ಮಂದಿ ಗುಂಡಿಗೆ ಬಿದ್ದರು. ಈಗಲೂ ಪ್ರತಿವರ್ಷ ಆಗಸ್ಟಿನಲ್ಲಿ ದೂರದೂರದಿಂದ ಮದುವೆಯಾಗಿ ಹೋದ ಊರಿಗೆ ಬಂದು ಸಭೆ ಸೇರುತ್ತಾರೆ, 'ಆಗಸ್ಟ್ ಮೀಟಿಂಗ್' ಅಂತಲೇ ಹೆಸರು. ಲಂಡನ್ನಿನ ಹೆಂಗಸರು ಶನಿವಾರ ಬೆಳಿಗ್ಗೆ ಮಕ್ಕಳಿಗೆ ಭಾಷೆಯ ಕ್ಲಾಸು ಬೇಕು, ಹಾಲಿನ ಬಾಡಿಗೆ ಸಂಘ ಕೊಡಬೇಕು ಅಂದರು. ಮೂರು ಸಭೆ ಜಗಳ ಆಯಿತಂತೆ. ಆ ವರ್ಷದ ಟ್ರಾನ್ಸ್‌ಫಾರ್ಮರ್ ನಿಂತಿತು, ಕ್ಲಾಸು ಸುರುವಾಯಿತು.

ಸುರುವಾದ ಕೂಡಲೇ ಮತ್ತೊಂದು ತಕರಾರು. ಯಾವ ಇಗ್ಬೊ ಕಲಿಸುವುದು? ಒನಿಚಾದ ಕಡೆಯವರು 'ಇಫೆ' ಅನ್ನುತ್ತಾರೆ, ಪುಸ್ತಕದಲ್ಲಿ 'ಇಹೆ', ಎರಡಕ್ಕೂ ಅರ್ಥ 'ವಸ್ತು'. ಈ ಜಗಳಕ್ಕೆ ನೂರು ವರ್ಷದ ಪ್ರಾಯ. ಒಬ್ಬ ಪಾದ್ರಿ ಐದಾರು ಕಡೆಯ ಮಾತು ಕಲಸಿ 'ಯೂನಿಯನ್ ಇಗ್ಬೊ' ಅಂತ ಮಾಡಿ 1913ರಲ್ಲಿ ಬೈಬಲ್ ತಂದ. ಅದು ಯಾರ ನಾಲಿಗೆಯದ್ದೂ ಅಲ್ಲ. ಆಮೇಲೆ ಅಕ್ಷರ ಹೇಗೆ ಬರೆಯಬೇಕು ಅಂತ ಪ್ರೊಟೆಸ್ಟೆಂಟರಿಗೂ ಕ್ಯಾಥೊಲಿಕರಿಗೂ ಮೂವತ್ತು ವರ್ಷ ಜಗಳ. 1961ರಲ್ಲಿ ಒನ್ವು ಸಮಿತಿ 36 ಅಕ್ಷರದ ಮಾಲೆ ಒಪ್ಪಿಸಿದ ಮೇಲೆ ಅದು ತಣ್ಣಗಾಯಿತು. ಅಷ್ಟರಲ್ಲಿ ಒಂದು ತಲೆಮಾರಿನ ಪುಸ್ತಕಗಳೇ ಬರಲಿಲ್ಲ. ಅಚೀಬೆ 1999ರಲ್ಲಿ ಓವೆರ್ರಿಗೆ ಬಂದು ಇಗ್ಬೊದಲ್ಲೇ ಭಾಷಣ ಮಾಡಿ ಆ ಕಲಸುಭಾಷೆಯನ್ನು ತರಾಟೆಗೆ ತೆಗೆದುಕೊಂಡರು. ನಮ್ಮ ಬಾಯಿಯ 'ಉಂಟು', 'ಎಂತ' ಕೇಳಿ ಇದೆಂಥ ಕನ್ನಡ ಅಂತ ಕೇಳಿಸಿಕೊಂಡವರು ಇಲ್ಲಿ ಇದ್ದೀರಲ್ಲ, ಸೊಲ್ಲಾಪುರದವರಿಗೂ ತಾಳವಾಡಿಯವರಿಗೂ ಇದೇ ಅನುಭವ. ಲಂಡನ್ನಿನ ಹೆಂಗಸರು ಒಂದು ಸುಲಭದ ದಾರಿ ಹಿಡಿದರು. ಬರೆಯುವಾಗ ಪುಸ್ತಕದ್ದು, ಆಡುವಾಗ ಅವರವರ ಅಜ್ಜಿಯದ್ದು.

ಕಲಿಸಿದ್ದೂ ಒಬ್ಬ ಅಜ್ಜಿಯೇ. ಮಗಳ ಬಾಣಂತನಕ್ಕೆ ಆರು ತಿಂಗಳ ವೀಸಾದಲ್ಲಿ ಬಂದವರು. ಟೀಚರ್ ಅಲ್ಲ, ಊರಲ್ಲಿ ಸಂತೆಯ ವ್ಯಾಪಾರಿ. ಇಗ್ಬೊದಲ್ಲಿ ಸ್ವರ ಏರಿದರೆ ಇಳಿದರೆ ಅರ್ಥವೇ ಬೇರೆ. 'ಅಕ್ವ' ಅಂತ ಒಂದೇ ಬರಹ, ಅಳು, ಬಟ್ಟೆ, ಮೊಟ್ಟೆ, ಹಾಸಿಗೆ ನಾಲ್ಕೂ ಆಗುತ್ತದೆ. ಒಬ್ಬ ಸಣ್ಣ ಹುಡುಗ ಬೆಳಿಗ್ಗೆ ಹುರಿದ ಹಾಸಿಗೆ ತಿಂದೆ ಅಂದನಂತೆ. ದೊಡ್ಡವರು ನಕ್ಕರು. ಅಜ್ಜಿ ನಗಲಿಲ್ಲ. ಮಗು ತಪ್ಪು ಹೇಳಿದಾಗ ನಕ್ಕ ದೊಡ್ಡವರಿಗೆ ಒಂದು ಪೌಂಡು ದಂಡ ಅಂತ ನಿಯಮ ಮಾಡಿದರು. ಫೋನಿನಲ್ಲಿ ಇದನ್ನು ಹೇಳುವಾಗ ನನ್ನ ವಿದ್ಯಾರ್ಥಿ ಸ್ವಲ್ಪ ತಡೆದು, "ಈಗ ದಂಡ ಕಟ್ಟುವುದು ನಾವು ಸರ್" ಅಂದ.

2020ರಲ್ಲಿ ಕೊರೊನಾ ಬಂದು ಹಾಲು ಮುಚ್ಚಿತು. ಅಷ್ಟರಲ್ಲಿ ಅಜ್ಜಿ ಊರಿಗೆ ಹೋಗಿದ್ದರು. ಅಲ್ಲಿಂದಲೇ ಝೂಮಿನಲ್ಲಿ ಕ್ಲಾಸು. ಅರ್ಧ ಕ್ಲಾಸು ಕರೆಂಟು ಹೋಗಿ ಜನರೇಟರಿನ ಸದ್ದಿನಲ್ಲಿ. ಮಕ್ಕಳಿಗೆ ಆ ಸದ್ದೂ ಕೋಳಿ ಕೂಗುವುದೂ ಬಹಳ ಇಷ್ಟ ಆಯಿತಂತೆ. ಲಂಡನ್ನಿನ ಮಕ್ಕಳ ಜೊತೆ ಹ್ಯೂಸ್ಟನ್ನಿನ ನಾಲ್ಕು ಮಕ್ಕಳೂ ಸೇರಿದರು.

ಅವರದ್ದನ್ನು ನಮಗೆ ಹಾಗೆಯೇ ಅಂಟಿಸಲು ಆಗುವುದಿಲ್ಲ, ಅದು ಗೊತ್ತುಂಟು. ಅವರು ಹೊರಟು ಹೋದವರು, ನಾವು ಕೂತಲ್ಲೇ ಕೂತವರು, 1956ರಲ್ಲಿ ಗೆರೆ ನಮ್ಮ ಮೇಲೆ ಹಾದುಹೋಯಿತು. ನಮ್ಮ ಬೆನ್ನ ಹಿಂದೆ ಕನ್ನಡದಲ್ಲಿ ಆಡಳಿತ ಮಾಡುವ ಒಂದು ರಾಜ್ಯ ಉಂಟು. ಅವರಿಗೆ ನೈಜೀರಿಯದಲ್ಲಿ ಐದು ಇಗ್ಬೊ ರಾಜ್ಯ ಇದ್ದರೂ ಕಚೇರಿ, ಕೋರ್ಟು, ಶಾಲೆ ಎಲ್ಲ ಇಂಗ್ಲಿಷೇ. ಓವೆರ್ರಿ, ಎನುಗುಗಳಲ್ಲೂ ಓದಿದವರ ಮನೆಯ ಮಕ್ಕಳು ಇಂಗ್ಲಿಷ್ ಆಡುತ್ತಾರೆ. ಇಗ್ಬೊ ಭಾಷೆ 2025ರೊಳಗೆ ಸಾಯುತ್ತದೆ ಎಂಬ ಮಾತು ಯುನೆಸ್ಕೊ ಹೆಸರು ಹೊತ್ತುಕೊಂಡು ವರ್ಷಗಟ್ಟಲೆ ಓಡಾಡಿತು. 2025 ಬಂತು, ಹೋಯಿತು, ಭಾಷೆ ಉಂಟು. 2018ರಿಂದ ಬಿಬಿಸಿಯವರ ಇಗ್ಬೊ ಸುದ್ದಿಯೂ ಉಂಟು. ಹೆದರಿಸಿದ್ದರಿಂದ ಮಾತಾಡಲು ಸುರು ಮಾಡಿದ ಒಂದು ಮಗುವನ್ನೂ ನಾನು ನೋಡಿಲ್ಲ.

ಆ ಹುಡುಗ ಎಂತ ಆದ ಅಂತ ಕೇಳುತ್ತೀರಿ. ಅವನು ಕ್ಲಾಸಿಗೆ ಬರಲಿಲ್ಲ. ಒಂದು ದಿನವೂ ಬರಲಿಲ್ಲ. ಈಗ ಕೆಲಸದಲ್ಲಿದ್ದಾನೆ, ಹೊಸ ಗೆಡ್ಡೆಯ ಹಬ್ಬಕ್ಕೂ ಬರುವುದಿಲ್ಲ. ಬಂದದ್ದು ಅವನ ತಂಗಿ. ಆಗ ಒಂಬತ್ತು ವರ್ಷ, ಈಗ ಕಾಲೇಜಿನ ಪ್ರಾಯ. ಅಜ್ಜಿಯ ಹತ್ತಿರ ಗಾದೆಗಳನ್ನೆಲ್ಲ ಕಲಿತಳು. ಓಜಿಯ ಪ್ರಾರ್ಥನೆ ಮೊದಲಿನಿಂದ ಕೊನೆಯವರೆಗೆ ತಡೆಯದೆ ಹೇಳುತ್ತಾಳೆ, ನನಗೆ ವಾಟ್ಸಾಪಿನಲ್ಲಿ ಕಳಿಸಿದ್ದರು, ಕೇಳಿದ್ದೇನೆ. ಆ ಹಾಲಿನಲ್ಲಿ ಹುಟ್ಟಿದ ಮಕ್ಕಳಲ್ಲಿ ಅಷ್ಟು ಬರುವುದು ಅವಳೊಬ್ಬಳಿಗೇ.

ತೊಡಕು ಎಂತ ಅಂದರೆ, ಹೆಂಗಸರು ಓಜಿ ಒಡೆಯುವ ಹಾಗಿಲ್ಲ. ಸಂಪ್ರದಾಯ ಹಾಗೆ. ಹೆಂಗಸರ ಸಭೆಯಲ್ಲಿ ಸಹ ಒಡೆಯಲು ಒಬ್ಬ ಹುಡುಗನನ್ನು, ಎಷ್ಟು ಸಣ್ಣವನಾದರೂ ಸರಿ, ಕರೆಯುವವರಿದ್ದಾರೆ. ಈ ವರ್ಷ ಹುಡುಗಿಯ ತಾಯಿ ಎದ್ದು ನಿಂತು ಕೇಳಿದಳಂತೆ: ಓಜಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ನೀವೇ ಹೇಳಿದ್ದು. ಇಗ್ಬೊ ಬರುವವಳು ಇಲ್ಲಿ ಇದ್ದಾಳೆ. ಎಂತ ಮಾಡುತ್ತೀರಿ?

ಹಿರಿಯರು ಎರಡು ಗಂಟೆ ಚರ್ಚೆ ಮಾಡಿದರು. ಕೆಲವರು ಟೊಪ್ಪಿ ತೆಗೆದಿಟ್ಟು ಹೊರಗೆ ಹೋದರಂತೆ. ಮೊನ್ನೆ ನನ್ನ ವಿದ್ಯಾರ್ಥಿ ಫೋನ್ ಮಾಡಿದಾಗ ತೀರ್ಮಾನ ಎಂತ ಆಯಿತು ಅಂತ ಕೇಳಿದೆ.

"ಮುಂದಿನ ಸಭೆಗೆ ಹಾಕಿದ್ದೇವೆ ಸರ್. ನಡಾವಳಿಯಲ್ಲಿ ಬರೆದಿದ್ದೇವೆ."

ಯಾವ ಭಾಷೆಯಲ್ಲಿ ಬರೆದಿರಿ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಂಗ್ಲಿಷಿನಲ್ಲಿ" ಅಂದ.